ರಜೆಯಲ್ಲಿ ರಿಸರ್ಚ್, ಜೊತೆಗೆ ಸ್ಟೈಪೆಂಡ್: ಮೆಡಿಕಲ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಡಿಕಲ್ ಕಾಲೇಜೊಂದರಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡುತ್ತೇನೆ. ವರ್ಷಾ ವರ್ಷ ಅವವೇ ಪ್ರಶ್ನೆಗಳು ಬರುತ್ತವೆ. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ಕೊನೆಯ ದಿನಾಂಕದ ಹಿಂದಿನ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪಿನಲ್ಲಿ. ಒಂದೇ ಉತ್ತರವನ್ನು ನೂರು ಸಲ ಟೈಪ್ ಮಾಡುವ ಬದಲು ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಮೆಟ್ಟಿಲು

ಮೇಡಂ, ಈ ಎಸ್‌ಟಿಎಸ್ ಅಂದ್ರೆ ಏನು? ಸೀನಿಯರ್ಸ್ ಎಲ್ಲಾ ಅದನ್ನೇ ಮಾತಾಡ್ತಾರೆ.

ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್. ದೆಹಲಿಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಲ್ಲಿ ಶುರು ಮಾಡಿದ ಯೋಜನೆ. ಎಂಬಿಬಿಎಸ್ ಮತ್ತು ಬಿಡಿಎಸ್ ಓದುತ್ತಿರುವವರಿಗೆ ಮಾತ್ರ. ತಮ್ಮ ಕಾಲೇಜಿನ ಒಬ್ಬ ಅಧ್ಯಾಪಕರನ್ನು ಗೈಡ್ ಮಾಡಿಕೊಂಡು, ಒಂದು ಸಣ್ಣ ಸಂಶೋಧನೆಯ ಪ್ರಸ್ತಾವವನ್ನು ಆನ್‌ಲೈನ್‌ನಲ್ಲಿ ಕಳಿಸಬೇಕು. ಆಯ್ಕೆಯಾದರೆ ಎರಡು ತಿಂಗಳು ಕೆಲಸ ಮಾಡಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾದರೆ ಸರ್ಟಿಫಿಕೇಟು, ಸ್ಟೈಪೆಂಡು.

ಇಷ್ಟೇ. ಆದರೆ ಈ "ಎರಡು ತಿಂಗಳು" ಅನ್ನುವ ಮಾತು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಎರಡು ತಿಂಗಳು ಅಂದರೆ ಬರೀ ಮಾಹಿತಿ ಕಲೆಹಾಕುವ ಸಮಯ. ಅದಕ್ಕೆ ಮುಂಚೆ ನಾಲ್ಕು ತಿಂಗಳು ಓದು, ಬರಹ, ಸಹಿ, ಎಥಿಕ್ಸ್ ಕಮಿಟಿ (ಸಂಶೋಧನೆಗೆ ಒಳಗಾಗುವವರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಸಮಿತಿ) ಎಲ್ಲ ಇರುತ್ತದೆ. ಕೆಡುವುದೂ ಗೆಲ್ಲುವುದೂ ಆ ನಾಲ್ಕು ತಿಂಗಳಲ್ಲೇ.

ದುಡ್ಡು ಎಷ್ಟು? ಯಾವಾಗ ಕೈಗೆ ಬರುತ್ತೆ?

ಮೊದಲು ತಿಂಗಳಿಗೆ ಹತ್ತು ಸಾವಿರದಂತೆ ಒಟ್ಟು 20,000 ರೂಪಾಯಿ ಇತ್ತು. ಈಚಿನ ವರ್ಷಗಳಲ್ಲಿ ತಿಂಗಳಿಗೆ 25,000ದಂತೆ ಒಟ್ಟು 50,000 ಆಗಿದೆ. ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ.

ಆದರೆ ಇದು ಮುಂಗಡ ಅಲ್ಲ. ಕೆಲಸ ಮುಗಿಸಿ, ವರದಿ ಕಳಿಸಿ, ಅದನ್ನು ಪರಿಶೀಲಿಸಿ ಒಪ್ಪಿದ ಮೇಲೆ ಕೊಡುವ ಹಣ. "ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು" ಅಂತ ಹೊಸ ಫೋನ್ ಬುಕ್ ಮಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನಿನ್ನೂ ಫಸ್ಟ್ ಇಯರ್. ಈಗಲೇ ಹಾಕಬಹುದಾ, ಇಲ್ಲ ಕಾಯಲಾ?

ಪಿಜಿಗಳಿಗೂ, ಅಂದರೆ ಎಂಬಿಬಿಎಸ್ ಮುಗಿಸಿ ಎಂಡಿ, ಎಂಎಸ್ ಓದುವವರಿಗೂ, ಇಂಟರ್ನ್‌ಗಳಿಗೂ ಇದು ಇಲ್ಲ. ಉಳಿದಂತೆ ಯಾವ ವರ್ಷದವರು ಹಾಕಬಹುದು ಅನ್ನುವುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ, ಸೀನಿಯರ್ ಮಾತು ನಂಬಬೇಡಿ.

ನನ್ನ ಸಲಹೆ ಕೇಳಿದರೆ ಎರಡನೇ ವರ್ಷ ಸರಿಯಾದ ಹೊತ್ತು. ಮೊದಲ ವರ್ಷ ಅನಾಟಮಿಯಲ್ಲೇ ಮುಳುಗಿರುತ್ತೀರಿ, ರೋಗಿಯ ಮುಖವನ್ನೇ ಸರಿಯಾಗಿ ನೋಡಿರುವುದಿಲ್ಲ. ಎರಡನೇ ವರ್ಷ ವಾರ್ಡಿಗೆ ಹೋಗುತ್ತೀರಿ, ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಮೊದಲ ವರ್ಷದವರು ಸುಮ್ನೆ ಒಬ್ಬ ಸೀನಿಯರ್ ಜೊತೆ ನಾಲ್ಕು ದಿನ ಓಡಾಡಿ ನೋಡಿ. ಕಾಪಿ ತಿದ್ದುವುದು, ಫಾರ್ಮ್ ಎಣಿಸುವುದು, ಏನೂ ಆಗಲಿ. ಅದೇ ದೊಡ್ಡ ತರಬೇತಿ.

ಹೆಸರಿಗೆ ಸಮ್ಮರ್ ಪ್ರಾಜೆಕ್ಟ್. ನಮ್ಗೆ ಸಮ್ಮರ್ ರಜೆನೇ ಇಲ್ವಲ್ಲ ಮೇಡಂ?

ನಿಜ. ಎಂಜಿನಿಯರಿಂಗ್‌ನವರ ಹಾಗೆ ಮೇ, ಜೂನ್ ಪೂರಾ ಖಾಲಿ ಇರುವುದಿಲ್ಲ. ಸಿಗುವ ಹತ್ತಿಪ್ಪತ್ತು ದಿನವೂ ಊರಿಗೆ ಹೋಗಿ ಮಲಗಿ ಎದ್ದು ಬರುವಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಹೆಚ್ಚಿನವರು ಬೆಳಿಗ್ಗೆ ಪೋಸ್ಟಿಂಗ್, ಮಧ್ಯಾಹ್ನ ಕ್ಲಾಸ್, ನಡುವೆ ಸಿಕ್ಕ ಒಂದೂವರೆ ಗಂಟೆಯಲ್ಲಿ ಕೆಲಸ ಮಾಡುತ್ತಾರೆ. ಅದಕ್ಕೇ ಪ್ರಶ್ನೆ ಆರಿಸುವಾಗಲೇ ನಿಮ್ಮ ಟೈಮ್‌ಟೇಬಲ್ ಪಕ್ಕದಲ್ಲಿಟ್ಟುಕೊಳ್ಳಿ. ವಾರಕ್ಕೆ ಮೂರು ದಿನ ಹಳ್ಳಿಗೆ ಹೋಗಬೇಕಾದ ಕೆಲಸ ಕಾಗದದಲ್ಲಿ ಚೆಂದ. ಇಂಟರ್ನಲ್ಸ್ ಬಂದ ವಾರ ಗೊತ್ತಾಗುತ್ತದೆ.

ನಮ್ಮ ಮಗಳು ಬಿಎಎಂಎಸ್ ಓದುತ್ತಿದ್ದಾಳೆ. ಅವಳಿಗೆ ಇಂಥದ್ದು ಏನಾದರೂ ಇದೆಯೇ?

ಇದೆ. ಆಯುರ್ವೇದ ಸಂಶೋಧನೆಯ ಕೇಂದ್ರ ಮಂಡಳಿ ಸಿಸಿಆರ್‌ಎಎಸ್ 2022ರಲ್ಲಿ ಸ್ಪಾರ್ಕ್ ಅನ್ನುವ ಯೋಜನೆ ಶುರು ಮಾಡಿತು. ಅದೂ ಎರಡು ತಿಂಗಳು, ಅದರಲ್ಲೂ 50,000 ರೂಪಾಯಿ. ಹೋಮಿಯೋಪತಿಯವರಿಗೆ ಅವರ ಕೇಂದ್ರ ಮಂಡಳಿ ಸಿಸಿಆರ್‌ಎಚ್ ಕೊಡುವ ಸ್ಟೂಡೆಂಟ್‌ಶಿಪ್ ಬೇರೆ ಇದೆ. ನರ್ಸಿಂಗ್, ಫಿಸಿಯೋಥೆರಪಿ ಮಕ್ಕಳು ಐಸಿಎಂಆರ್ ಎಸ್‌ಟಿಎಸ್‌ಗೆ ಹಾಕಲು ಬರುವುದಿಲ್ಲ.

ಇದನ್ನು ಮಾಡಿದ್ರೆ ಪಿಜಿ ಸೀಟಿಗೆ ಉಪಯೋಗ ಆಗುತ್ತಾ?

ನೇರವಾಗಿ ಇಲ್ಲ. ನೀಟ್ ಪಿಜಿ ಕೌನ್ಸೆಲಿಂಗ್‌ನಲ್ಲಿ ರ್‍ಯಾಂಕ್ ನೋಡುತ್ತಾರೆ, ಎಸ್‌ಟಿಎಸ್ ಸರ್ಟಿಫಿಕೇಟ್ ಅಲ್ಲ. ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಪಿಜಿ ತರಬೇತಿಗೆ, ಅರ್ಜಿ ಹಾಕುವವರಿಗೆ ಸಂಶೋಧನೆಯ ಅನುಭವ ಕೆಲಸಕ್ಕೆ ಬರುತ್ತದೆ. ಇಲ್ಲೇ ಪಿಜಿ ಮಾಡುವವರಿಗೆ ಲಾಭ ಬೇರೆ ರೀತಿಯದ್ದು. ಎಂಡಿಗೆ ಸೇರಿದ ಮೊದಲ ವರ್ಷವೇ ಥೀಸಿಸ್ ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪರೇಖೆ, ಬರೆಯಬೇಕು. ಆಗ ಉಳಿದವರು ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ, ಎಸ್‌ಟಿಎಸ್ ಮಾಡಿದವರು ಒಂದು ವಾರದಲ್ಲಿ ಬರೆದು ಕೊಡುತ್ತಾರೆ.

## ಗೈಡ್, ವಿಷಯ, ಪ್ರಪೋಸಲ್

ಗೈಡ್ ಹತ್ತಿರ ಹೋಗಿ ಹೇಗೆ ಕೇಳೋದು? ಭಯ ಆಗುತ್ತೆ.

ಮೊದಲು ನಿಯಮ. ಗೈಡ್ ನಿಮ್ಮ ಕಾಲೇಜಿನ ಪೂರ್ಣಾವಧಿ ಅಧ್ಯಾಪಕರಾಗಿರಬೇಕು. ಪಿಜಿ ಅಥವಾ ರೆಸಿಡೆಂಟ್ ಗೈಡ್ ಆಗುವಂತಿಲ್ಲ. ಒಬ್ಬ ಗೈಡ್ ಒಂದು ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನು ಮಾತ್ರ ತೆಗೆದುಕೊಳ್ಳಬಹುದು. ಅಂದರೆ ಒಳ್ಳೆಯ ಗೈಡುಗಳು ಬೇಗ ಖಾಲಿ. ಪ್ರಕಟಣೆ ಬಂದ ಮೇಲೆ ಹುಡುಕಲು ಹೊರಟರೆ "ಆಗಲೇ ಒಬ್ಬ ಬಂದಿದ್ದಾನಲ್ಲಪ್ಪ" ಅನ್ನುವ ಉತ್ತರವೇ ಜಾಸ್ತಿ ಸಿಗುತ್ತದೆ.

ಕೇಳುವುದು ಹೇಗೆ ಅಂದರೆ, ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡು ಹೋಗಿ. ಅದರಲ್ಲಿ ಎರಡೇ ಸಾಲು: ನಾನು ಇದನ್ನು ಗಮನಿಸಿದೆ, ಇದು ಯಾಕೆ ಹೀಗೆ ಅಂತ ತಿಳಿಯಬೇಕು. "ಸರ್, ಎಸ್‌ಟಿಎಸ್ ಮಾಡ್ಬೇಕು, ಏನಾದ್ರೂ ಕೊಡಿ" ಅಂತ ಬಂದ ಹುಡುಗನಿಗೂ, ಹಾಳೆ ಹಿಡಿದು ಬಂದ ಹುಡುಗಿಗೂ ನಾವು ಕೊಡುವ ಸಮಯ ಒಂದೇ ಅಲ್ಲ. ಇದನ್ನು ಒಪ್ಪಿಕೊಳ್ಳುವುದರಲ್ಲಿ ನನಗೇನೂ ನಾಚಿಕೆ ಇಲ್ಲ.

ಮತ್ತೊಂದು ಮಾತು. ಹೆಸರುವಾಸಿ ಪ್ರೊಫೆಸರ್‌ಗಿಂತ ಬಾಗಿಲು ತೆಗೆದಿಟ್ಟಿರುವ ಅಸಿಸ್ಟೆಂಟ್ ಪ್ರೊಫೆಸರ್ ವಾಸಿ. ನಿಮ್ಮ ಪ್ರಪೋಸಲ್ ಐದು ಸಲ ತಿದ್ದಲು ಪುರುಸೊತ್ತು ಇರುವವರು ಬೇಕು.

ಟಾಪಿಕ್ ಎಲ್ಲಿ ಸಿಗುತ್ತೆ? ನೀವೇ ಒಂದು ಕೊಡಿ ಮೇಡಂ.

ಕೊಡುವುದಿಲ್ಲ. ಕೊಟ್ಟ ಟಾಪಿಕ್ ಕೊಟ್ಟವರದ್ದೇ ಆಗಿ ಉಳಿಯುತ್ತದೆ. ಆದರೆ ಹುಡುಕುವುದು ಹೇಗೆ ಅಂತ ತೋರಿಸಬಲ್ಲೆ.

ನನ್ನ ಒಬ್ಬ ವಿದ್ಯಾರ್ಥಿನಿ ಮೊದಲು ತಂದ ವಿಷಯ: "ಕರ್ನಾಟಕದ ಗರ್ಭಿಣಿಯರಲ್ಲಿ ರಕ್ತಹೀನತೆ". ಒಳ್ಳೆಯ ವಿಷಯವೇ, ಆದರೆ ಅದು ಎರಡು ತಿಂಗಳಿಗೆ ಅಲ್ಲ, ಒಂದು ಇಲಾಖೆಗೆ ಎರಡು ವರ್ಷದ ಕೆಲಸ. "ಗರ್ಭಿಣಿಯರ ಒಪಿಡಿಯಲ್ಲಿ ಒಂದು ವಾರ ಸುಮ್ನೆ ಕೂತ್ಕೊಂಡು ಕೇಳಿಸ್ಕೊ" ಅಂದೆ. ನಾಲ್ಕನೇ ದಿನ ಓಡಿ ಬಂದಳು. ಹಿಮೋಗ್ಲೋಬಿನ್ ಏರದೇ ಇದ್ದ ಒಬ್ಬ ಹೆಂಗಸನ್ನು ಡಾಕ್ಟರು "ಮಾತ್ರೆ ತಗೋತಿಲ್ವೇನಮ್ಮ" ಅಂತ ಗದರಿದ್ದಾರೆ. ಆಕೆ "ದಿನಾ ತಗೋತೀನಿ ಮೇಡಮ್ಮೋರೆ, ಬೆಳಿಗ್ಗೆ ಟೀ ಜೊತೆಗೇ ನುಂಗ್ತೀನಿ, ಮರೆಯೋದೇ ಇಲ್ಲ" ಅಂದಿದ್ದಾಳೆ.

ಸಿಕ್ಕಿತಲ್ಲ! ಚಹಾ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ ಅಂತ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಸರ್ಕಾರ ಕೊಡುವ ಆ ಕೆಂಪು ಕಬ್ಬಿಣದ ಮಾತ್ರೆಯನ್ನು ನಮ್ಮ ಒಪಿಡಿಗೆ ಬರುವವರಲ್ಲಿ ಎಷ್ಟು ಜನ ಚಹಾ, ಕಾಫಿ ಜೊತೆ ನುಂಗುತ್ತಾರೆ? ಯಾರು ಅವರಿಗೆ ಹಾಗೆ ಮಾಡಬೇಡಿ ಅಂತ ಹೇಳಿದ್ದಾರೆ? ಇದು ಎರಡು ತಿಂಗಳ ಪ್ರಶ್ನೆ. ಒಂದು ಕೋಣೆಯಲ್ಲಿ, ಒಬ್ಬಳೇ, ಒಂದು ಪೆನ್ನು ಹಿಡಿದು ಉತ್ತರ ಹುಡುಕಬಹುದು.

ನಿಮ್ಮ ಸುತ್ತಲೇ ನೋಡಿ. ಶಿವಮೊಗ್ಗ ಕಡೆಯವರಿಗೆ ಮಂಗನ ಕಾಯಿಲೆ ಇದೆ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ರಕ್ತ ಹೀರುವ ಉಣ್ಣಿ ಹುಳದಿಂದ ಹರಡುತ್ತದೆ. ಕಾಡಿಗೆ ಸೌದೆ, ದರಗು ತರಲು ಹೋಗುವವರು ಮೈಗೆ ಉಣ್ಣಿ ಹತ್ತದಂತೆ ಏನು ಮಾಡುತ್ತಾರೆ ಅಂತ ಕೇಳಬಹುದು. ದಂತ ವೈದ್ಯಕೀಯದವರಿಗೆ ಎಲೆಅಡಿಕೆ, ಗುಟ್ಕಾ ಇದೆ. ಬಯಲುಸೀಮೆಯವರಿಗೆ ಫ್ಲೋರೈಡ್ ನೀರು ಇದೆ. ದೂರದ ಜರ್ನಲ್ಲಿನಿಂದ ಎತ್ತಿದ ಜೀನ್ ಹೆಸರು ಹೊತ್ತು ಬರುವವರಿಗೆ ನನ್ನದು ಒಂದೇ ಪ್ರಶ್ನೆ: ಅದನ್ನು ಅಳೆಯುವ ಯಂತ್ರ ನಮ್ಮ ಕಾಲೇಜಿನಲ್ಲಿ ಯಾವ ಮಹಡಿಯಲ್ಲಿದೆ?

ಪ್ರಶ್ನೆ ಸಿಕ್ಕ ಮೇಲೆ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿ. ಬೇರೆಯವರು ಆಗಲೇ ಮಾಡಿದ್ದರೆ ಬೇಜಾರಾಗಬೇಡಿ. ಅವರ ಅಂಕಿ ಮುಂದಿನ ಪ್ರಶ್ನೆಗೆ ಬೇಕೇ ಬೇಕು.

ಸ್ಯಾಂಪಲ್ ಸೈಜ್ ಎಷ್ಟು ಹಾಕಲಿ? ನೂರು ಸಾಕಾ?

ಸ್ಯಾಂಪಲ್ ಸೈಜ್ ಅಂದರೆ ಒಟ್ಟು ಎಷ್ಟು ಜನರಿಂದ ಮಾಹಿತಿ ತೆಗೆಯುತ್ತೀರಿ ಅನ್ನುವುದು. ನೂರು ಅನ್ನುವುದು ಎಲ್ಲಿಂದ ಬಂತು ಅಂತ ಹೇಳಲು ಬಂದರೆ ಸಾಕು, ಬರದಿದ್ದರೆ ಸಾಲದು.

ಶೇಕಡಾವಾರು ಹುಡುಕುವ ಅಧ್ಯಯನಕ್ಕೆ ನಮ್ಮಲ್ಲಿ ಎಲ್ಲರೂ ಬಳಸುವ ಸೂತ್ರ ಇದು: 4 × ಪಿ × ಕ್ಯೂ, ಅದನ್ನು ಡಿಯ ವರ್ಗದಿಂದ ಭಾಗಿಸಿ. ಪಿ ಅಂದರೆ ಹಿಂದಿನ ಅಧ್ಯಯನದಲ್ಲಿ ಸಿಕ್ಕ ಶೇಕಡಾ, ಕ್ಯೂ ಅಂದರೆ ನೂರರಲ್ಲಿ ಉಳಿದದ್ದು, ಡಿ ಅಂದರೆ ಎಷ್ಟು ಹೆಚ್ಚುಕಡಿಮೆಯನ್ನು ಸಹಿಸುತ್ತೀರಿ ಅನ್ನುವುದು. ಉದಾಹರಣೆಗೆ ಹಿಂದೆ ಯಾರೋ ಶೇಕಡಾ 30 ಅಂದಿದ್ದಾರೆ ಅಂದುಕೊಳ್ಳಿ. ಆಚೀಚೆ 10ರಷ್ಟು ವ್ಯತ್ಯಾಸ ಪರವಾಗಿಲ್ಲ ಅಂದರೆ 4 × 30 × 70 = 8,400, ಭಾಗಿಸು 100. ಬಂದದ್ದು 84. ಇಲ್ಲ, 5ಕ್ಕಿಂತ ಜಾಸ್ತಿ ವ್ಯತ್ಯಾಸ ಬೇಡ ಅಂದರೆ 25ರಿಂದ ಭಾಗಿಸಬೇಕು, 336 ಆಗುತ್ತದೆ. ಹಿಡಿತವನ್ನು ಅರ್ಧ ಬಿಗಿ ಮಾಡಿದರೆ ಕೆಲಸ ನಾಲ್ಕರಷ್ಟು.

ಈಗ ಕ್ಯಾಲೆಂಡರ್ ತೆಗೆಯಿರಿ. 84ಕ್ಕೆ, ಒಪ್ಪದವರನ್ನು ಲೆಕ್ಕ ಹಿಡಿದು ಶೇಕಡಾ 10 ಸೇರಿಸಿ, ಸುಮಾರು 93. ಒಪಿಡಿ ವಾರಕ್ಕೆ ಎರಡು ದಿನ ಇದ್ದರೆ ಎಂಟು ವಾರಕ್ಕೆ 16 ದಿನ. ದಿನಕ್ಕೆ ಆರು ಜನ. ಒಬ್ಬರಿಗೆ ಕಾಲು ಗಂಟೆಯಂತೆ ಒಂದೂವರೆ ಗಂಟೆ. ಆಗುತ್ತದೆ. 336 ಇಟ್ಟುಕೊಂಡರೆ ಅದೇ 16 ದಿನದಲ್ಲಿ ದಿನಕ್ಕೆ 21 ಜನ, ಐದು ಗಂಟೆ ಮೇಲೆ. ಆಗುವುದಿಲ್ಲ. ಈ ಲೆಕ್ಕವನ್ನು ಗೈಡ್ ಕೇಳುವ ಮುಂಚೆಯೇ ಮಾಡಿಕೊಂಡು ಹೋಗಿ.

ಪ್ರಪೋಸಲ್ ಯಾಕೆ ರಿಜೆಕ್ಟ್ ಆಗುತ್ತೆ? ನಂದು ಎಲ್ಲಾ ಸರಿ ಇತ್ತಲ್ಲ!

ಮೂರು ಥರದ ಸಾವು.

ಒಂದು, ಬುದ್ಧಿಗೆ ಸಂಬಂಧವೇ ಇಲ್ಲದ್ದು. ಪ್ರಸ್ತಾವದ ಒಳಗೆ ನಿಮ್ಮ ಹೆಸರು, ಗೈಡ್ ಹೆಸರು, ಕಾಲೇಜಿನ ಹೆಸರು ಬರುವಂತಿಲ್ಲ. ಯಾರು ಬರೆದದ್ದು ಅಂತ ಪರಿಶೀಲಿಸುವವರಿಗೆ ಗೊತ್ತಾಗಬಾರದು ಅನ್ನುವುದು ಉದ್ದೇಶ. ವರದಿಗೂ ಇದೇ ನಿಯಮ. "ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ" ಅಂತ ಊರಿನ ಹೆಸರು ಸಮೇತ ಬರೆದು ಕೂತರೆ ಒಳಗೆ ಏನಿದ್ದರೂ ಓದುವವರಿಲ್ಲ. "ಒಂದು ಟರ್ಷಿಯರಿ ಕೇರ್ ಆಸ್ಪತ್ರೆ" ಅಂತ ಬರೆಯಿರಿ, ಮುಗಿಯಿತು. ವಿದ್ಯಾರ್ಥಿ, ಗೈಡ್, ಎಚ್‌ಒಡಿ, ಪ್ರಿನ್ಸಿಪಾಲ್ ಎಲ್ಲರ ಸಹಿ ಇರುವ ದೃಢೀಕರಣ ಪತ್ರ ಬೇರೆ ಅಪ್‌ಲೋಡ್ ಮಾಡಬೇಕು. ಸೀಲು ಮರೆತವರು, ಮಸುಕಾಗಿ ಸ್ಕ್ಯಾನ್ ಮಾಡಿದವರು ಪ್ರತಿವರ್ಷ ಇರುತ್ತಾರೆ.

ಎರಡು, ಕಾಪಿ. ಹೋದ ವರ್ಷದ ಸೀನಿಯರ್ ಪ್ರಪೋಸಲ್‌ನಲ್ಲಿ ರೋಗದ ಹೆಸರು ಮಾತ್ರ ಬದಲಾಯಿಸಿ ಕಳಿಸುವುದು. ಈಗ ಅದನ್ನು ಹಿಡಿಯುವುದು ಯಂತ್ರಕ್ಕೆ ಒಂದು ನಿಮಿಷದ ಕೆಲಸ.

ಮೂರನೆಯದು ವಿಧಾನದ ಭಾಗ, ಮೆಥಡಾಲಜಿ. ಪೀಠಿಕೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜಗತ್ತಿನ ಅಂಕಿಸಂಖ್ಯೆ ಎಲ್ಲ ಬಂದಿರುತ್ತದೆ. ಯಾರನ್ನು ಕೇಳುತ್ತೀರಿ, ಯಾರನ್ನು ಬಿಡುತ್ತೀರಿ, ಹೇಗೆ ಆರಿಸುತ್ತೀರಿ, ಬಂದದ್ದನ್ನು ಏನು ಮಾಡುತ್ತೀರಿ ಅನ್ನುವುದು ನಾಲ್ಕು ಸಾಲಿನಲ್ಲಿ ಮುಗಿದಿರುತ್ತದೆ. ಉಲ್ಟಾ ಇರಬೇಕು. ನಾನು ಹುಡುಗರಿಗೆ ಹೇಳುವುದು: ಪಕ್ಕದ ಹಾಸ್ಟೆಲ್ ರೂಮಿನವನಿಗೆ ನಿಮ್ಮ ಮೆಥಡಾಲಜಿ ಓದಲು ಕೊಡಿ. ನಿಮ್ಮನ್ನು ಒಂದು ಮಾತೂ ಕೇಳದೆ ನಾಳೆಯಿಂದ ಅವನು ಆ ಕೆಲಸ ಶುರು ಮಾಡಬಲ್ಲ ಅಂತಾದರೆ ಸರಿ ಬರೆದಿದ್ದೀರಿ.

ಬರೀ ಕ್ವೆಶ್ಚನೇರ್ ತಾನೆ? ಅದಕ್ಕೂ ಎಥಿಕ್ಸ್ ಕಮಿಟಿ ಬೇಕಾ?

ಬೇಕು. ಸೂಜಿ ಚುಚ್ಚಿದರೆ ಮಾತ್ರ ಎಥಿಕ್ಸ್ ಅನ್ನುವ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಅಪಾಯ ತೀರಾ ಕಡಿಮೆ ಇರುವ ಕೆಲಸಕ್ಕೆ ಪರಿಶೀಲನೆಯಿಂದ ವಿನಾಯಿತಿ ಸಿಗಬಹುದು, ಸ್ವಲ್ಪ ಇದ್ದರೆ ಬೇಗನೆ ನೋಡಿ ಕಳಿಸಬಹುದು, ಜಾಸ್ತಿ ಇದ್ದರೆ ಇಡೀ ಕಮಿಟಿ ಕೂರಬೇಕು. ಆದರೆ ಇದರಲ್ಲಿ ನಿಮ್ಮದು ಯಾವುದು ಅಂತ ತೀರ್ಮಾನಿಸುವವರು ಕಮಿಟಿಯವರು, ನೀವಲ್ಲ.

ಒಂದು ಎಡವಟ್ಟು ಹೇಳುತ್ತೇನೆ. "ಕಾಲೇಜು ವಿದ್ಯಾರ್ಥಿಗಳ ನಿದ್ದೆ" ಅಂತ ಸಲೀಸಾದ ವಿಷಯ ಹಿಡಿಯುತ್ತಾರೆ. ಪಿಯುಸಿ ಮಕ್ಕಳು ಬಿಡಿ, ಫಸ್ಟ್ ಎಂಬಿಬಿಎಸ್‌ನಲ್ಲೂ ಹದಿನೆಂಟು ತುಂಬದವರು ಇರುತ್ತಾರೆ. ಅವರಿಂದ ಸಮ್ಮತಿ, ಅವರ ಅಪ್ಪ ಅಮ್ಮನಿಂದ ಒಪ್ಪಿಗೆ, ಎರಡೂ ಬೇಕು. ಇದು ಕಮಿಟಿ ಮುಂದೆ ನಿಂತಾಗ ಹೊಳೆದರೆ ಒಂದು ತಿಂಗಳು ಹೋಯಿತು ಅಂತಲೇ ಲೆಕ್ಕ.

ಫ್ಯಾಮಿಲಿ ಅಡಾಪ್ಷನ್ ಕಾರ್ಯಕ್ರಮದಲ್ಲಿ ನೀವು ನೋಡಿಕೊಳ್ಳುವ ಮನೆಗಳ ಮಾಹಿತಿ ಲಾಗ್‌ಬುಕ್‌ನಲ್ಲಿ ಇದೆಯಲ್ಲ, ಅದನ್ನೇ ಬಳಸಿಬಿಡಲಾ ಅಂತ ಕೇಳುತ್ತಾರೆ. ಬೇಡ. ಅವರು ಅದನ್ನು ಹೇಳಿದ್ದು ತಮ್ಮ ಮನೆಗೆ ಬರುವ ಹುಡುಗಿಗೆ, ಸಂಶೋಧಕಿಗೆ ಅಲ್ಲ.

## ಕೆಲಸಕ್ಕೆ ಇಳಿದ ಮೇಲೆ

ಕನ್ಸೆಂಟ್ ಫಾರ್ಮ್ ಕನ್ನಡಕ್ಕೆ ಮಾಡ್ಬೇಕಂತೆ. ಗೂಗಲ್‌ನಲ್ಲಿ ಹಾಕಿ ತೆಗೀಲಾ?

ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಕೆಲವು ವರ್ಷದ ಹಿಂದೆ ನನ್ನ ಹುಡುಗನೊಬ್ಬ ಬಿಪಿ ಮಾತ್ರೆ ತಪ್ಪಿಸುವವರ ಬಗ್ಗೆ ಅಧ್ಯಯನ ಮಾಡುತ್ತಿದ್ದ. ಅವನ ಫಾರ್ಮಿನಲ್ಲಿ ಹೀಗಿತ್ತು: "ಸದರಿ ಅಧ್ಯಯನದಲ್ಲಿ ತಮ್ಮ ಸಹಭಾಗಿತ್ವವು ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಹಿಂತೆಗೆದುಕೊಳ್ಳುವ ಹಕ್ಕನ್ನು ತಾವು ಹೊಂದಿರುತ್ತೀರಿ." ಅರಸೀಕೆರೆ ಕಡೆಯ ಒಬ್ಬ ಅಜ್ಜಿಗೆ ಇದನ್ನು ಓದಿ ಹೇಳಿದ್ದಾನೆ. ಅಜ್ಜಿ ಸೆರಗು ಬಿಗಿ ಮಾಡಿಕೊಂಡು, "ಏನಪ್ಪಾ ಇದು, ಜಮೀನು ಪತ್ರನಾ? ನನ್ ಮಗ ಬರ್ಲಿ ತಡಿ, ಅವ್ನಿಲ್ದೆ ನಾನು ಹೆಬ್ಬೆಟ್ಟು ಒತ್ತಲ್ಲ" ಅಂದರಂತೆ.

ಅಜ್ಜಿ ಹೇಳಿದ್ದು ಸರಿ. ಅದು ಸಬ್‌ರಿಜಿಸ್ಟ್ರಾರ್ ಕಚೇರಿಯ ಭಾಷೆ. ನಾವಿಬ್ಬರೂ ಕೂತು ತಿದ್ದಿದೆವು: "ನೀವು ಸೇರಲೇಬೇಕು ಅಂತೇನಿಲ್ಲ. ಸೇರಿದ ಮೇಲೆ ಬೇಡ ಅನ್ನಿಸಿದರೂ ಬಿಡಬಹುದು. ಬಿಟ್ಟರೆ ನಿಮ್ಮ ಮಾತ್ರೆ, ಚಿಕಿತ್ಸೆ ಯಾವುದೂ ನಿಲ್ಲುವುದಿಲ್ಲ." ತಿದ್ದಿದ್ದನ್ನು ಕಮಿಟಿಗೆ ಮತ್ತೆ ಕಳಿಸಿ ಒಪ್ಪಿಗೆ ತಗೊಂಡೆವು. ಒಂದು ವಾರ ಹಾಳಾಯಿತು. ಮೊದಲೇ ಮಾಡಿದ್ದರೆ ಆ ವಾರ ಉಳಿಯುತ್ತಿತ್ತು.

ಪ್ರಶ್ನಾವಳಿಗೂ ಇದೇ ಮಾತು. "ರಕ್ತದೊತ್ತಡ" ಅಂದರೆ ಅರ್ಥವಾಗದೆ ಕಣ್ಣು ಬಿಡುವವರಿಗೆ "ಬಿಪಿ" ಅಂದರೆ ಗೊತ್ತು. "ಮಧುಮೇಹ" ಬೇಡ, "ಶುಗರ್" ಅಥವಾ "ಸಕ್ಕರೆ ಕಾಯಿಲೆ" ಅನ್ನಿ. ಉತ್ತರ ಕರ್ನಾಟಕದಲ್ಲಿ ಕಾಯಿಲೆಗೆ ಜಡ್ಡು ಅನ್ನುತ್ತಾರೆ, ನೋವಿಗೆ ಬ್ಯಾನಿ. ಮಂಗಳೂರಿನಲ್ಲಿ ತುಳು, ಬೆಳಗಾವಿಯಲ್ಲಿ ಮರಾಠಿ, ಎಷ್ಟೋ ಕಡೆ ಉರ್ದು ಬೇಕಾಗುತ್ತದೆ. ಕನ್ನಡಕ್ಕೆ ಮಾಡಿದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ನೋಡಿ, ಎಲ್ಲಿ ಜಾರಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಹತ್ತು ಜನರ ಮೇಲೆ ಪರೀಕ್ಷೆ ಮಾಡಿ. ಓದು ಬಾರದವರಿಂದ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ನಿಮ್ಮ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಪಕ್ಕದಲ್ಲಿ ಇದ್ದು ಸಹಿ ಹಾಕಬೇಕು.

ಟೆಸ್ಟ್ ಕಿಟ್, ಜೆರಾಕ್ಸ್, ಓಡಾಟದ ಖರ್ಚು ಯಾರು ಕೊಡ್ತಾರೆ?

ಎಸ್‌ಟಿಎಸ್‌ನಲ್ಲಿ ಸಾಮಾನಿಗೆ ಅಂತ ಬೇರೆ ದುಡ್ಡಿಲ್ಲ. ಇಲಾಖೆಯಲ್ಲಿ ಇರುವುದರಲ್ಲೇ ನಡೆಸಬೇಕು, ಇಲ್ಲವೇ ನಿಮ್ಮ ಜೇಬು. ಸ್ಟೈಪೆಂಡ್ ಕೊನೆಗೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಒಂದು ಕಿಟ್ಟಿಗೆ ಸಾವಿರಾರು ರೂಪಾಯಿ ಬೀಳುವ ಪರೀಕ್ಷೆ ಇರುವ ಪ್ರಸ್ತಾವ ತಂದರೆ ನಾನು ವಾಪಸ್ ಕಳಿಸುತ್ತೇನೆ. ರೋಗಿಯ ತಲೆಗಂತೂ ಕಟ್ಟುವ ಹಾಗಿಲ್ಲ. ನಿಮ್ಮ ಅಧ್ಯಯನಕ್ಕೆ ಬೇಕಾದ ಪರೀಕ್ಷೆಯ ಬಿಲ್ಲನ್ನು ಅವರು ಯಾಕೆ ಕೊಡಬೇಕು?

ಮೇಡಂ, 84ರಲ್ಲಿ 79 ಆಗಿದೆ. ಐದು ಫಾರ್ಮ್ ನಾನೇ ತುಂಬಿದ್ರೆ ಯಾರಿಗೆ ಗೊತ್ತಾಗುತ್ತೆ?

ನನಗೆ ಗೊತ್ತಾಗುತ್ತದೆ. ತಮಾಷೆಯಲ್ಲ, ನಿಜವಾಗಿ. ಒಂದೇ ಪೆನ್ನು, ಒಂದೇ ಕೂರುವಿಕೆಯಲ್ಲಿ ಬರೆದ ಅಕ್ಷರ, ಬಿಪಿ ಎಲ್ಲವೂ 120/80, 130/80. ನಿಜವಾದ ಫಾರ್ಮುಗಳು ಗಲೀಜಾಗಿರುತ್ತವೆ. ಮೂಲೆಯಲ್ಲಿ ಕಾಫಿ ಕಲೆ, "ಗೊತ್ತಿಲ್ಲ" ಅಂತ ಅಡ್ಡ ಗೀಟು, ಅರ್ಧಕ್ಕೆ ಎದ್ದು ಹೋದವರು.

79 ಆದರೆ 79 ಅಂತ ಬರೆಯಿರಿ. ಯಾಕೆ ಕಡಿಮೆಯಾಯಿತು ಅಂತ ಒಂದು ಸಾಲು ಸೇರಿಸಿ. ಹತ್ತು ಪರ್ಸೆಂಟ್ ಸೇರಿಸಿ ಹೊರಟಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಕೇಸ್ ಶೀಟ್ ಫೋಟೋ ಹೊಡ್ಕೊಂಡು ರೂಮಲ್ಲಿ ಎಂಟ್ರಿ ಮಾಡ್ಬಹುದಾ?

ಬೇಡ. ಹೆಸರು, ಐಪಿ ನಂಬರ್, ರೋಗ ಎಲ್ಲ ನಿಮ್ಮ ಗ್ಯಾಲರಿಯಲ್ಲಿ, ಅಲ್ಲಿಂದ ಕ್ಲೌಡಿಗೆ, ಅಲ್ಲಿಂದ ಗೆಳೆಯನ ವಾಟ್ಸಾಪಿಗೆ. ರೆಕಾರ್ಡ್ ರೂಮಿನಲ್ಲೇ ಕೂತು, ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ ಬರೆದುಕೊಳ್ಳಿ. ಯಾವ ಸಂಖ್ಯೆ ಯಾರು ಅನ್ನುವ ಪಟ್ಟಿ ಗೈಡ್ ಬೀರುವಿನಲ್ಲಿ ಇರಲಿ.

ಸ್ಟ್ಯಾಟಿಸ್ಟಿಕ್ಸ್‌ಗೆ ಯಾವ ಸಾಫ್ಟ್‌ವೇರ್?

ಎಸ್‌ಪಿಎಸ್‌ಎಸ್‌ಗೆ ದುಡ್ಡು ಬೇಕು, ಕದ್ದ ಕಾಪಿ ಬೇಡ. ಜಮೋವಿ ಉಚಿತ, ಕಲಿಯುವುದೂ ಸುಲಭ.  ಹಟ ಇರುವವರು ಆರ್ (R) ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ರೆಫರೆನ್ಸ್ ಜೋಡಿಸಲು ಜೊಟೆರೊ ಸಾಕು.

ವರದಿ ಒಂದೆರಡು ದಿನ ಲೇಟಾದ್ರೆ ನಡೆಯುತ್ತಾ?

ನಡೆಯುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾನು ವಿದ್ಯಾರ್ಥಿನಿಯಾಗಿದ್ದಾಗ ನನ್ನ ಕೆಲಸ ಪೂರ್ತಿ ಮುಗಿದಿತ್ತು, ವರದಿಯೂ ಸಿದ್ಧ ಇತ್ತು. ಸಹಿ ಹಾಕಬೇಕಿದ್ದವರು ಮಗನ ಮದುವೆಗೆ ಅಂತ ಒಂದು ವಾರ ರಜೆ ಹೋಗಿದ್ದರು. ಅವರ ಬದಲು ಯಾರು ಹಾಕಬೇಕು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಫೈಲು ಹಿಡಿದು ಮೂರು ದಿನ ಬೆಂಚಿನ ಮೇಲೆ ಕೂತೆ. ಕೊನೆಯ ದಿನಾಂಕ ಹೋಯಿತು. ಸ್ಟೈಪೆಂಡೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಈಗ ನನ್ನ ವಿದ್ಯಾರ್ಥಿಗಳಿಗೆ ಕೊನೆಯ ದಿನಾಂಕ ಹತ್ತು ದಿನ ಮುಂಚಿನದ್ದು ಅಂತಲೇ ಸುಳ್ಳು ಹೇಳುತ್ತೇನೆ. ಇದನ್ನು ಓದಿದವರಿಗೆ ಇನ್ನು ಆ ಉಪಾಯ ನಡೆಯುವುದಿಲ್ಲ.

## ಮುಂದಕ್ಕೆ ಹೋಗುವವರಿಗೆ

ಅಂದ್ಕೊಂಡಿದ್ದು ಬರಲೇ ಇಲ್ಲ. ರಿಸಲ್ಟ್ ನೆಗೆಟಿವ್. ಏನು ಬರೀಲಿ?

ಬಂದದ್ದನ್ನೇ ಬರೆಯಿರಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಅನ್ನುವ ವೈದ್ಯ ವಿದ್ಯಾರ್ಥಿ ಇದ್ದ. ರಕ್ತ ಹೆಪ್ಪುಗಟ್ಟಿಸುವ ವಸ್ತು ಹುಡುಕುವ ಕೆಲಸವನ್ನು ಅವನ ಪ್ರೊಫೆಸರ್ ವಿಲಿಯಂ ಹೋವೆಲ್ ಕೊಟ್ಟಿದ್ದರು. ಯಕೃತ್ತಿನಿಂದ ತೆಗೆದ ಒಂದು ಸಾರ ಉಲ್ಟಾ ಕೆಲಸ ಮಾಡಿತು, ರಕ್ತ ಹೆಪ್ಪುಗಟ್ಟದಂತೆ ತಡೆಯಿತು. ಪ್ರಯೋಗ ಕೆಟ್ಟಿತು ಅಂತ ಚೆಲ್ಲಬಹುದಿತ್ತು. ಚೆಲ್ಲದೆ 1916ರಲ್ಲಿ ಬರೆದ. ಇವತ್ತು ಡಯಾಲಿಸಿಸ್‌ನಲ್ಲಿ, ಹೃದಯದ ಐಸಿಯುನಲ್ಲಿ ದಿನಾ ಬಳಸುವ ಹೆಪಾರಿನ್ ಕತೆ ಅಲ್ಲಿಂದ ಶುರು.

ಎಲ್ಲರಿಗೂ ಹೆಪಾರಿನ್ ಸಿಗುವುದಿಲ್ಲ ಬಿಡಿ. ಆದರೆ "ವ್ಯತ್ಯಾಸ ಕಾಣಲಿಲ್ಲ" ಅನ್ನುವುದೂ ಒಂದು ಉತ್ತರವೇ. ವ್ಯತ್ಯಾಸ ಕಾಣುವವರೆಗೆ ಲೆಕ್ಕವನ್ನು ಇಪ್ಪತ್ತು ಥರ ತಿರುಗಿಸಿ ನೋಡುವುದು ಮೋಸ.

ಪೇಪರ್ ಮಾಡಿದ್ರೆ ಮೊದಲ ಹೆಸರು ಯಾರದ್ದು? ಕೇಳೋಕೆ ಮುಜುಗರ.

ಮುಜುಗರ ಆಗುವುದಕ್ಕೇ ಮೊದಲ ದಿನವೇ ಕೇಳಬೇಕು, ಪೇಪರ್ ಸಿದ್ಧವಾದ ದಿನ ಅಲ್ಲ. ಪ್ರಶ್ನೆ ನಿಮ್ಮದು, ಮಾಹಿತಿ ತಂದದ್ದು ನೀವು, ಮೊದಲ ಕರಡು ಬರೆದದ್ದು ನೀವು ಅಂದರೆ ಮೊದಲ ಹೆಸರೂ ನಿಮ್ಮದೇ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಬರೀ ಸಹಿ ಹಾಕಿದವರು ಲೇಖಕರಾಗುವುದಿಲ್ಲ, ಅವರಿಗೆ ಕೃತಜ್ಞತೆ ಹೇಳಿದರೆ ಸಾಕು. ಎಲ್ಲ ಕಡೆ ಹೀಗೆ ನಡೆಯುತ್ತದೆ ಅಂತ ಹೇಳಿದರೆ ನೀವು ನಗುತ್ತೀರಿ. ನಡೆಯುವುದಿಲ್ಲ. ಅದಕ್ಕೇ ಮೊದಲ ಭೇಟಿಯಾದ ಸಂಜೆ ಒಂದು ಇಮೇಲ್ ಕಳಿಸಿ: "ಸರ್, ಇವತ್ತು ಮಾತಾಡಿದ ಹಾಗೆ ನಾನು ಇಷ್ಟು ಮಾಡುತ್ತೇನೆ, ತಾವು ಇಷ್ಟು ಮಾರ್ಗದರ್ಶನ ಮಾಡುತ್ತೀರಿ." ವಿನಯವಾಗಿಯೂ ಇರುತ್ತದೆ, ದಾಖಲೆಯೂ ಇರುತ್ತದೆ. ಹೆಪಾರಿನ್ ಕಂಡುಹಿಡಿದ ಹೆಗ್ಗಳಿಕೆ ಯಾರದ್ದು ಅನ್ನುವ ತಕರಾರೂ ಎಷ್ಟೋ ವರ್ಷ ನಡೆಯಿತು.

ಒಂದು ಜರ್ನಲ್‌ನವರು ಮೇಲ್ ಮಾಡಿದ್ದಾರೆ. ದುಡ್ಡು ಕಟ್ಟಿದ್ರೆ ಐದು ದಿನದಲ್ಲಿ ಪಬ್ಲಿಷ್ ಅಂತೆ.

"ಗೌರವಾನ್ವಿತ ಪ್ರೊಫೆಸರ್" ಅಂತ ನಿಮ್ಮನ್ನು ಕರೆದಿದ್ದಾರಾ? ಅಲ್ಲೇ ಗೊತ್ತಾಗಬೇಕಿತ್ತಲ್ವಾ, ನೀವಿನ್ನೂ ಸೆಕೆಂಡ್ ಇಯರ್! ಐದು ದಿನದಲ್ಲಿ ಯಾರೂ ಓದಿರುವುದಿಲ್ಲ. ಪಬ್‌ಮೆಡ್‌ನಲ್ಲಿ ಅಥವಾ ಯಾರು ಬೇಕಾದರೂ ಓದಬಹುದಾದ ಒಳ್ಳೆಯ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿ ಆ ಪತ್ರಿಕೆ ಇದೆಯೇ ನೋಡಿ, ಗೈಡ್‌ಗೆ ತೋರಿಸಿ. ಒಮ್ಮೆ ಅಂಥ ಕಡೆ ಅಚ್ಚಾದರೆ ಆ ಕೆಲಸ ಬೇರೆ ಒಳ್ಳೆಯ ಕಡೆ ಬರುವುದಿಲ್ಲ.

ಎಸ್‌ಟಿಎಸ್ ಸಿಗಲಿಲ್ಲ. ಬೇರೆ ದಾರಿ ಇದೆಯಾ?

ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಅಂದರೆ ಆರ್‌ಜಿಯುಎಚ್‌ಎಸ್ ಅಡಿಯ ಕಾಲೇಜುಗಳಲ್ಲಿ ಓದುವವರಿಗೆ ಆ ವಿಶ್ವವಿದ್ಯಾಲಯವೇ ಯುಜಿ ಸಂಶೋಧನೆಗೆ ಅನುದಾನ ಕೊಡುತ್ತದೆ. ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಓದುವವರು ತಮ್ಮ ಸಂಶೋಧನಾ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ನೋಟಿಸ್ ಬೋರ್ಡಿಗೆ ಬಾರದ ಸಣ್ಣ ಅನುದಾನ ಅಲ್ಲಿ ಸಿಗಬಹುದು. ಲ್ಯಾಬಿನ ಕೆಲಸ ಇಷ್ಟಪಡುವವರು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ನ ಪ್ರಕಟಣೆ ತೆಗೆದು ಅರ್ಹತೆ ನೋಡಿಕೊಳ್ಳಲಿ. ಆ ಮೂರರಲ್ಲಿ ಒಂದು, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ್ದು, ಬೆಂಗಳೂರಿನ ಸದಾಶಿವನಗರದಲ್ಲೇ ಇದೆ.

ಇನ್ನೊಂದು ದಾರಿಯನ್ನು ಯಾರೂ ಕೇಳುವುದಿಲ್ಲ. ಪ್ರಪೋಸಲ್ ಬರೆದಾಗಿದೆ, ಗೈಡ್ ಇದ್ದಾರೆ, ಪ್ರಶ್ನೆಗೆ ಖರ್ಚಿಲ್ಲ. ಎಥಿಕ್ಸ್ ಒಪ್ಪಿಗೆ ತೆಗೆದುಕೊಂಡು ದುಡ್ಡಿಲ್ಲದೆಯೇ ಮಾಡಿ. ನಾನು ಮೇಲೆ ಹೇಳಿದ ಚಹಾ ಮಾತ್ರೆಯ ಹುಡುಗಿಗೆ ಎಸ್‌ಟಿಎಸ್ ಸಿಗಲಿಲ್ಲ. ಎರಡು ದಿನ ಅತ್ತಳು. ಮೂರನೇ ದಿನ ಫಾರ್ಮ್‌ಗಳ ಜೆರಾಕ್ಸ್ ಕಟ್ಟು ಹಿಡಿದು ಒಪಿಡಿಯಲ್ಲಿ ಕೂತಿದ್ದಳು. ಪೇಪರ್ ಇನ್ನೂ ಆಗಿಲ್ಲ, ಎರಡನೇ ಜರ್ನಲ್ ತಿದ್ದಲು ವಾಪಸ್ ಕಳಿಸಿದೆ. ಆದರೆ ಅಲ್ಲಿ ಮಾತ್ರೆ ಕೊಡುವ ಸಿಸ್ಟರ್ ಈಗ ಕವರಿನ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಲೋಟದ ಚಿತ್ರ ಬರೆದು, ಅದರ ಮೇಲೆ ಅಡ್ಡ ಗೀಟು ಎಳೆದು ಕೊಡುತ್ತಾರೆ.